ಬೀಗರು ಮುಟ್ಟಿದ ವ್ಯಾನು

ಬೀಗರ ಗ್ಯಾರೇಜಿನಿಂದ ಮೂರನೇ ಸಲ ರಿಪೇರಿಯಾಗಿ ಬಂದ ಮೇಲೂ ವ್ಯಾನಿನ ಬ್ರೇಕು ಒಂದೇ ಒತ್ತಿಗೆ ಹಿಡಿಯಲಿಲ್ಲ. ನಂದಕುಮಾರ ಗವಿಪುರದ ಇಳಿಜಾರಿನಲ್ಲಿ ಎರಡೆರಡು ಸಲ ಪೆಡಲ್ ತುಳಿದು, ಸಾಲದ್ದಕ್ಕೆ ಹ್ಯಾಂಡ್‌ಬ್ರೇಕನ್ನೂ ಎಳೆದು, ಹೇಗೋ ಮನೆ ಮುಂದೆ ನಿಲ್ಲಿಸಿ ಒಳಗೆ ಬಂದವನೇ ಕೀಲಿಯನ್ನು ಫ್ರಿಜ್ಜಿನ ಮೇಲೆ ಬಿಸಾಡಿದ. ಒಲೆ ಮುಂದೆ ಮುದ್ದೆ ತಿರುವುತ್ತಿದ್ದ ಲಕ್ಕಮ್ಮನಿಗೆ ಆ ಸದ್ದೇ ಸಾಕಾಯಿತು.

"ಸರಿ ಹೋಗ್ಲಿಲ್ವೇನೋ?"

"ಇಲ್ಲಮ್ಮ, ಅದೇ ಕಥೆ. ಮೊದಲನೇ ಸಲ ತುಳಿದ್ರೆ ಏನೂ ಇಲ್ಲ. ಎರಡನೇ ಸಲಕ್ಕೆ ಒಂದು ಚೂರು ಹಿಡಿಯುತ್ತೆ."

"ಬೀಗರಿಗೆ ಹೇಳ್ಬೇಕಿತ್ತು."

"ಹೇಳ್ದೆ. 'ಹೊಸದಾಗಿ ಕೂರಿಸಿದೀನಿ, ನಾಲ್ಕು ದಿನ ಓಡಿಸು, ಪಳಗುತ್ತೆ' ಅಂದ್ರು. ಬ್ರೇಕು ಏನು ಎತ್ತಾ, ಪಳಗೋಕೆ?"

ಸೊಸೆ ಲಾವಣ್ಯಾ ಮಗಳು ಆರಾಧನಾಳ ಜಡೆ ಹೆಣೆಯುತ್ತಿದ್ದವಳು ಅಲ್ಲಿಂದಲೇ ಬಾಯಿ ಹಾಕಿದಳು. "ನಾಳೆಯಿಂದ ಮಗೂನ ಆ ಗಾಡೀಲಿ ಕಳಿಸಲ್ಲ. ಬೇರೆ ಕಡೆ ಒಂದ್ಸಲ ತೋರಿಸಿ ಅಂತ ಎಷ್ಟು ದಿನದಿಂದ ಬಡ್ಕೊಳ್ತಿದೀನಿ?"

"ಮೆಲ್ಲಗೆ ಮಾತಾಡೇ, ನಿಮ್ಮ ಮಾವ ಅಂಗಡೀಲಿದ್ದಾರೆ" ಎಂದಳು ಲಕ್ಕಮ್ಮ.

ಅಂಗಡಿ ಅಂದರೆ ದೂರವೇನಲ್ಲ, ಮನೆಯ ಮುಂದಿನ ಕೋಣೆಯೇ. ಗವಿ ಗಂಗಾಧರೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ಅಶ್ವತ್ಥಪ್ಪನ ತರಕಾರಿ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ಬೆಳಗಿನ ಜಾವ ನಂದಕುಮಾರ ಕಲಾಸಿಪಾಳ್ಯದ ಮಾರ್ಕೆಟ್ಟಿನಿಂದ ವ್ಯಾನಿನಲ್ಲಿ ತರಕಾರಿ ತುಂಬಿಕೊಂಡು ಬರುತ್ತಾನೆ. ಸೊಪ್ಪಿನ ಕಸ ಗುಡಿಸಿ ಹಿಂದಿನ ಸೀಟು ಬಿಡಿಸಿದರೆ ಅದೇ ವ್ಯಾನು ಆರಾಧನಾಳ ಸ್ಕೂಲಿಗೆ, ಅಲ್ಲಿಂದ ಲಾವಣ್ಯಾ ಕೆಲಸ ಮಾಡುವ ಗಾಂಧಿ ಬಜಾರಿನ ಹಲ್ಲಿನ ಕ್ಲಿನಿಕ್ಕಿಗೆ. ಹದಿನೈದು ವರ್ಷದಿಂದ ಮನೆಯ ಹೊಟ್ಟೆ ಹೊರೆದದ್ದು ಅದು. ಈಗ ಅದಕ್ಕೂ ವಯಸ್ಸಾಗಿ, ಮುಂದೆ ರಸ್ತೆಗಿಳಿಯಬೇಕಾದರೆ ಆರ್‌ಟಿಓ ಮುಂದೆ ನಿಂತು ಎಫ್‌ಸಿ ಎಂಬ ಯೋಗ್ಯತಾ ಪತ್ರ ಮಾಡಿಸಿಕೊಳ್ಳುವ ಕಾಲ ಬಂದಿತ್ತು.

ಬೇರೆ ಕಡೆ ತೋರಿಸುವುದು ಎಂಬುದು ಈ ಮನೆಯಲ್ಲಿ ಅಷ್ಟು ಸುಲಭದ ಮಾತಾಗಿರಲಿಲ್ಲ. ಮಗಳು ಬಿಂದುಶ್ರೀಯನ್ನು ಚಾಮರಾಜಪೇಟೆಯ ರಾಮಾಂಜಿನಪ್ಪನವರ ಮಗ ಗೌರೀಶನಿಗೆ ಕೊಟ್ಟಾಗ, ರಾಮಾಂಜಿನಪ್ಪ ಛತ್ರದಲ್ಲಿ ನಾಲ್ಕು ಜನರೆದುರು ಹೇಳಿದ್ದರು: "ಇನ್ಮೇಲೆ ನಾನು ಬದುಕಿರೋವರೆಗೂ ಬೀಗರ ಗಾಡಿಗೆ ಬೇರೆಯವರ ಸ್ಪ್ಯಾನರ್ ಮುಟ್ಟಕೂಡದು." ದುಡ್ಡು ತೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಅದಕ್ಕೆ ಪ್ರತಿಯಾಗಿ ಈ ಕಡೆಯಿಂದ ಶನಿವಾರ ಶನಿವಾರ ಒಂದು ಚೀಲ ತರಕಾರಿ ಆ ಮನೆಗೆ ಹೋಗುತ್ತಿತ್ತು. ಬಿಲ್ಲು ಕೊಟ್ಟಿದ್ದರೆ ಅಂಗಡಿ ಮುಂದೆ ನಿಂತು ಜಗಳವಾಡಬಹುದಿತ್ತು. ಬದನೆಕಾಯಿ ಕೊಟ್ಟು ಬ್ರೇಕು ಸರಿಯಿಲ್ಲ ಅಂತ ಜಗಳವಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ನಂದಕುಮಾರ ಮಾತು ತೆಗೆದ. ಅಶ್ವತ್ಥಪ್ಪ ಮುದ್ದೆ ಮುರಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ.

"ಬೀಗರನ್ನ ಬಿಟ್ಟು ಇನ್ನೊಬ್ರ ಹತ್ರ ತೋರಿಸ್ತೀಯಾ? ಅವರ ಕಿವಿಗೆ ಬಿದ್ರೆ ನಿನ್ನ ತಂಗಿ ಆ ಮನೇಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ? ಏಳು ತಿಂಗಳ ಬಸುರಿ ಅವಳು."

"ಸುಮ್ನೆ ಇನ್ನೊಂದು ಅಭಿಪ್ರಾಯ ಕೇಳೋದು ಮಾವ" ಎಂದಳು ಲಾವಣ್ಯಾ. "ನಮ್ಮ ಕ್ಲಿನಿಕ್ಕಲ್ಲಿ ಹಲ್ಲು ಕೀಳ್ಬೇಕು ಅಂದ್ರೂ ಜನ ಇನ್ನೊಬ್ಬ ಡಾಕ್ಟ್ರನ್ನ ಕೇಳ್ತಾರೆ. ಯಾರೂ ಬೇಜಾರು ಮಾಡ್ಕೊಳ್ಳಲ್ಲ."

"ನಿಮ್ಮ ಡಾಕ್ಟ್ರ ಮನೆಗೆ ಅವರು ಹೆಣ್ಣು ಕೊಟ್ಟಿರಲ್ಲವಲ್ಲ."

ಲಾವಣ್ಯಾ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಸಿಂಕಿನಲ್ಲಿ ಪಾತ್ರೆ ಸದ್ದು ಅಗತ್ಯಕ್ಕಿಂತ ಜೋರಾಗಿಯೇ ಕೇಳಿತು. ಗಂಡನ ಮಾತೂ ಸರಿ, ಸೊಸೆಯ ಮಾತೂ ಸರಿ ಎಂದು ಲಕ್ಕಮ್ಮನಿಗೆ ಅನ್ನಿಸಿತು. ಇಬ್ಬರ ಮಾತೂ ಸರಿಯಿರುವ ಮನೆಯಲ್ಲಿ ನಡುವೆ ಕೂತವಳಿಗೆ ಎಷ್ಟು ಆಯಾಸ ಎಂಬುದನ್ನು ಯಾರೂ ಕೇಳುವುದಿಲ್ಲ. ಅವಳು ಉಳಿದ ಸಾರನ್ನು ಬಿಸಿ ಮಾಡಿ ಮುಚ್ಚಿಟ್ಟಳು.

ಆ ವಾರವೇ ನಂದಕುಮಾರ ಅಪ್ಪನಿಗೆ ತಿಳಿಯದಂತೆ ವ್ಯಾನನ್ನು ಹನುಮಂತನಗರದ ಗಂಗಾಧರಯ್ಯ ಎಂಬ ಮೆಕ್ಯಾನಿಕ್ಕಿನ ಹತ್ತಿರ ಒಯ್ದ. ಆತ ಗಾಡಿಯ ಕೆಳಗೆ ಬಗ್ಗಿ ನೋಡಿದವನು ಹಾಗೇ ಎದ್ದು ಕೈ ಒರೆಸಿಕೊಂಡನಂತೆ.

"ಇದು ರಾಮಾಂಜಿನಣ್ಣನ ಕೈಯಲ್ಲಿರೋ ಗಾಡಿ ಅಲ್ವೇನಪ್ಪಾ? ಬಿಗಿ ಮಾಡಿದ ನಟ್ಟಿಗೆಲ್ಲ ಹಳದಿ ಪೇಂಟ್ ಚುಕ್ಕೆ ಇಡೋರು ಈ ಕಡೆ ಅವರೊಬ್ರೇ. ಅವರು ಕೈಯಿಟ್ಟ ಗಾಡಿಗೆ ನಾನು ಕೈ ಹಾಕಲ್ಲ. ಹೋಗಿ ಅವರನ್ನೇ ಕೇಳು."

"ಅಂದ್ರೆ ಬಸವನಗುಡಿ, ಚಾಮರಾಜಪೇಟೆ, ಹನುಮಂತನಗರ ಮೂರೂ ಕಡೆ ಬಾಗಿಲು ಮುಚ್ಚಿದಂಗೆ" ಎಂದಳು ಲಾವಣ್ಯಾ, ಗಂಡ ಮನೆಗೆ ಬಂದು ಹೇಳಿದ್ದನ್ನು ಕೇಳಿ. "ಕುಮಾರ ಪಾರ್ಕಲ್ಲಿ ನಮ್ಮ ವಿಶಾಲಾಕ್ಷಮ್ಮ ದೊಡ್ಡಮ್ಮನ ಮನೆ ಹತ್ರ ಒಂದು ಗ್ಯಾರೇಜ್ ಇದೆ. ಅಲ್ಲಿ ನಿಮ್ಮ ಬೀಗರ ಹಳದಿ ಪೇಂಟ್ ಯಾರಿಗೂ ಗೊತ್ತಿರಲ್ಲ. ದೊಡ್ಡಮ್ಮನ್ನ ನೋಡೋಕೆ ಹೋಗ್ತೀವಿ ಅಂತ ಮಾವಂಗೆ ಹೇಳೋಣ. ಅತ್ತೆ, ನೀವೂ ಬನ್ನಿ."

"ನಾನ್ಯಾಕೆ?"

"ನಾಳೆ ದಿನ ಎಲ್ಲಾ ಸೊಸೆ ಮಾಡಿದ್ದು ಅನ್ನೋ ಮಾತು ಬೇಡ."

ಲಕ್ಕಮ್ಮ ಸೀರೆ ಬದಲಾಯಿಸಿಕೊಂಡು ಹೊರಟಳು. ಶೇಷಾದ್ರಿಪುರದ ಟ್ರಾಫಿಕ್ಕಿನಲ್ಲಿ ನಂದಕುಮಾರ ಮುಂದಿನ ಗಾಡಿಗೂ ತನ್ನ ಗಾಡಿಗೂ ನಡುವೆ ಒಂದು ಆಟೋ ಹಿಡಿಸುವಷ್ಟು ಜಾಗ ಬಿಟ್ಟು ಓಡಿಸಿದ, ಆ ಜಾಗಕ್ಕೆ ಆಟೋಗಳು ನುಗ್ಗುತ್ತಲೇ ಇದ್ದವು. ಪ್ರತಿ ಸಿಗ್ನಲ್ಲಿಗೂ ಲಕ್ಕಮ್ಮ ತನಗೇ ಗೊತ್ತಿಲ್ಲದೆ ಕಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದಳು.

ಕುಮಾರ ಪಾರ್ಕಿನ ಗ್ಯಾರೇಜಿನ ವೇಣುಗೋಪಾಲ್ ಮಾತು ಕಡಿಮೆಯ, ಮುಖ ಗಂಟಿಕ್ಕಿದ ಮನುಷ್ಯ. ಒಂದು ಕಿವಿಯಲ್ಲಿ ಫೋನಿಟ್ಟುಕೊಂಡೇ ಗಾಡಿಯನ್ನು ಮೇಲೆತ್ತಿಸಿ ಕೆಳಗೆ ಟಾರ್ಚು ಬಿಟ್ಟ. ಫೋನು ಮುಗಿಸಿ ನಂದಕುಮಾರನನ್ನು ಕರೆದ.

"ಬನ್ನಿ ಇಲ್ಲಿ, ನೀವೇ ನೋಡಿ. ಬ್ರೇಕ್ ಆಯಿಲ್ ಹೋಗೋ ಪೈಪಿದು. ನಟ್ ಓರೆಯಾಗಿ ಹತ್ತಿದೆ, ಹಾಗೇ ಬಲವಂತವಾಗಿ ತಿರುಗಿಸಿದಾರೆ. ಆಯಿಲ್ ಸೋರ್ತಿದೆ, ಗಾಳಿ ಒಳಗೆ ಹೋಗ್ತಿದೆ. ಮತ್ತೆ ಈ ಹಳದಿ ಬಣ್ಣ ಏನು ಇದು? ನಟ್ಟಿಗೂ ಬಣ್ಣಕ್ಕೂ ಸಂಬಂಧ ಇಲ್ಲ. ಒಂದು ಪೈಪ್ ಮೇಲಿದೆ, ಇನ್ನೊಂದು ಪಕ್ಕದ ತಗಡಿನ ಮೇಲೆ."

ಲಾವಣ್ಯಾ ಬಗ್ಗಿ ನೋಡಿ ಅತ್ತೆಯ ಕಡೆ ತಿರುಗಿದಳು. ಲಕ್ಕಮ್ಮನೂ ಸೆರಗು ಹಿಡಿದುಕೊಂಡು ಬಗ್ಗಿದಳು. ಹಳದಿ ಚುಕ್ಕೆಗಳು ನಿಜವಾಗಿಯೂ ನಟ್ಟುಗಳನ್ನು ಬಿಟ್ಟು ಅಕ್ಕಪಕ್ಕ ಕೂತಿದ್ದವು.

"ಹೀಗೆ ಓಡಿಸಬಹುದಾ?" ಎಂದಳು ಲಕ್ಕಮ್ಮ.

"ಓಡಿಸಬಹುದು, ನಿಲ್ಲಿಸೋಕೆ ಆಗಲ್ಲ ಅಷ್ಟೇ. ಯಾರಮ್ಮಾ ಮಾಡಿದ್ದು? ಬೇಜವಾಬ್ದಾರಿ ಕೆಲಸ."

ವೇಣುಗೋಪಾಲ್ ಸಂಜೆಯೊಳಗೆ ಪೈಪು ಬದಲಾಯಿಸಿ, ಎಲ್ಲವನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಹಳದಿಯ ಗುರುತೇ ಇಲ್ಲದಂತೆ ಮಾಡಿ ಕೊಟ್ಟ. ವಾಪಸ್ ಬರುವಾಗ ಬ್ರೇಕು ಒಂದೇ ಒತ್ತಿಗೆ ಹಿಡಿಯಿತು. ಎಷ್ಟೋ ದಿನದ ಮೇಲೆ ನಂದಕುಮಾರ ಸ್ಟಿಯರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕಿದ. ಲಾವಣ್ಯಾ ಮಾತ್ರ ಕುದಿಯುತ್ತಿದ್ದಳು.

"ಪುಕ್ಕಟೆ ಕೆಲಸ ಅಂತ ಹೀಗೆ ಕೈಗೆ ಬಂದಂಗೆ ಮಾಡಿ ಕಳಿಸೋದಾ? ಹಳದಿ ಬಣ್ಣ ಬೇರೆ! ನಮ್ಮ ಆರಾಧನಾ ಅದರಲ್ಲೇ ಸ್ಕೂಲಿಗೆ ಹೋಗ್ತಾಳೆ ಅಂತ ಅವರಿಗೆ ಗೊತ್ತಿಲ್ವಾ?"

"ಬಿಡೇ, ಸರಿ ಹೋಯ್ತಲ್ಲ" ಎಂದಳು ಲಕ್ಕಮ್ಮ. ಆದರೆ ಅವಳ ಮನಸ್ಸಿಗೂ ಅದು ಚುಚ್ಚಿತ್ತು. ಶನಿವಾರಕ್ಕೆಂದು ಎಳೇ ಬೆಂಡೆಕಾಯಿಯನ್ನೇ ಆರಿಸಿ ಆರಿಸಿ ಕಳಿಸುತ್ತಿದ್ದಳು ಅವಳು.

ಗುಟ್ಟು ಎರಡು ದಿನವೂ ನಿಲ್ಲಲಿಲ್ಲ. ಗಸಗಸೆ ಪಾಯಸ ಮಾಡುವುದು ಹೇಗೆಂದು ಕೇಳಲು ವಿಶಾಲಾಕ್ಷಮ್ಮ ಫೋನು ಮಾಡಿದಾಗ ಎತ್ತಿದವನು ಅಶ್ವತ್ಥಪ್ಪ. "ಎಷ್ಟು ದಿನ ಆಯ್ತು ನಿಮ್ಮ ಮನೆಯೋರನ್ನ ನೋಡಿ, ಈ ಕಡೆ ಒಬ್ರೂ ಬರಲ್ಲ" ಎಂದು ಆಕೆ ದೂರಿದಳು. ಅಶ್ವತ್ಥಪ್ಪ ಫೋನಿಟ್ಟು ಹೆಂಡತಿಯನ್ನು ಕರೆದ. ನಿಜ ಹೊರಬಿತ್ತು. ಆ ಹೊತ್ತು ಅವನು ಊಟ ಮಾಡಲಿಲ್ಲ. ಮಾರನೇ ದಿನ ಊಟ ಮಾಡಿದ, ಮಾತಾಡಲಿಲ್ಲ. ತಕ್ಕಡಿ ಮುಂದೆ ಕೂತು ಗಿರಾಕಿಗಳ ಜೊತೆ ಮಾತ್ರ ಅತಿಯಾಗಿ ನಗುನಗುತ್ತಾ ಮಾತಾಡಿದ.

ಮೂರನೇ ದಿನ ಅವನೇ ಮಾತಾಡಬೇಕಾಯಿತು, ಏಕೆಂದರೆ ಬೀಗರ ಫೋನು ಬಂದಿತ್ತು. ಭಾನುವಾರ ಬಿಂದುಗೆ ಬಳೆ ತೊಡಿಸುವ ಶಾಸ್ತ್ರ. ಅವಳನ್ನು ತವರಿಗೆ ಕರೆದೊಯ್ಯಲು ಹೇಗೂ ವ್ಯಾನು ಬರುತ್ತದಲ್ಲ, ಎಫ್‌ಸಿಗೆ ಹೋಗುವ ಮುಂಚೆ ತಾವೇ ಒಂದು ಸಲ ಪೂರಾ ನೋಡಿಬಿಡುವುದಾಗಿ ರಾಮಾಂಜಿನಪ್ಪ ಹೇಳಿದ್ದರು.

"ಹಳದಿ ಪೇಂಟು?" ಎಂದ ಅಶ್ವತ್ಥಪ್ಪ.

"ಅಳಿಸಿ ಹೋಯ್ತು ಅಪ್ಪ" ಎಂದ ನಂದಕುಮಾರ.

"ಅಳಿಸಿ ಹೋಯ್ತು ಅಂತೆ! ಬೇರೆಯವರ ಕೈ ಬಿದ್ದಿದೆ ಅಂತ ಬಗ್ಗಿದ ತಕ್ಷಣ ಅವರಿಗೆ ಗೊತ್ತಾಗುತ್ತೆ. ಹೋಗಿ ಪೇಂಟ್ ತಗೊಂಡ್ಬಾ. ಹಳದೀನೇ ತಗೊಂಡ್ಬಾ, ನಿಂಬೆಹಣ್ಣಿನ ಬಣ್ಣ ಅಲ್ಲ, ಬಸ್ಸಿನ ಬೋರ್ಡಿಗೆ ಹಚ್ತಾರಲ್ಲ, ಅದು."

ಹೀಗೆ, ಬೇರೆ ಕಡೆ ತೋರಿಸಕೂಡದು ಎಂದು ಹಟ ಹಿಡಿದಿದ್ದ ಮನುಷ್ಯನೇ ಶನಿವಾರ ಮಧ್ಯಾಹ್ನ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಟಾರ್ಚು ಹಿಡಿದು ಕೂತ. ಮಗ ಗೋಣಿಚೀಲದ ಮೇಲೆ ಬೆನ್ನು ಹಾಕಿ ವ್ಯಾನಿನ ಕೆಳಗೆ ಮಲಗಿದ. ಸೊಸೆ ಸಣ್ಣ ಬ್ರಷ್ಷನ್ನು ಪೇಂಟಿನಲ್ಲಿ ಅದ್ದಿ ಅದ್ದಿ ಕೊಟ್ಟಳು. ಒಂದೊಂದು ನಟ್ಟಿನ ತಲೆಯ ಮೇಲೂ ಒಂದೊಂದು ಚುಕ್ಕೆ, ಹಣೆಗೆ ಇಟ್ಟಷ್ಟು ಅಚ್ಚುಕಟ್ಟಾಗಿ. ಬೀದಿಯಲ್ಲಿ ಹೋಗುವವರು ಏನು ಪೂಜೆಯಾ ಎಂದು ಕೇಳಿದರೆ ಅಶ್ವತ್ಥಪ್ಪ ಹೂಂ ಅನ್ನುತ್ತಿದ್ದ. ಮನೆಯಲ್ಲಿ ಮಾತು ಬಿಟ್ಟಿದ್ದವರೆಲ್ಲ ಆ ಒಂದು ಗಂಟೆ ಚೆನ್ನಾಗಿ ಮಾತಾಡಿಕೊಂಡದ್ದನ್ನು ಲಕ್ಕಮ್ಮ ಕಂಡಳು. ಸುಳ್ಳು ಹೇಳಲಾದರೂ ಒಂದಾದರಲ್ಲ ಎಂದುಕೊಂಡು ಎಲ್ಲರಿಗೂ ಕಾಫಿ ಕೊಟ್ಟಳು.

ಭಾನುವಾರ ಬೆಳಿಗ್ಗೆ ಲಕ್ಕಮ್ಮ ತರಕಾರಿ ಚೀಲ, ಹೂವಿನ ಬುಟ್ಟಿ ಇಟ್ಟುಕೊಂಡು ಮಗನ ಜೊತೆ ಚಾಮರಾಜಪೇಟೆಗೆ ಹೋದಳು. ರಾಮಾಂಜಿನಪ್ಪನವರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗ್ಯಾರೇಜಿನ ಹಿಂದೆಯೇ ಮನೆ, ಮನೆಯಲ್ಲಿ ಅಪ್ಪ, ಮಗ, ಸೊಸೆ ಮೂವರೇ. ಹಗಲು ಹೊತ್ತಿನಲ್ಲೂ ಗ್ಯಾರೇಜಿನ ತುಂಬ ದೊಡ್ಡ ದೊಡ್ಡ ಬಲ್ಬುಗಳು ಉರಿಯುತ್ತಿದ್ದವು. ಇದೇನು ಮದುವೆ ಮನೆಯ ಹಾಗೆ ಎಂದಳು ಲಕ್ಕಮ್ಮ.

"ಬನ್ನಿ ತಾಯಿ, ಬನ್ನಿ" ಎಂದು ರಾಮಾಂಜಿನಪ್ಪ ಅವಳ ದನಿಯ ಕಡೆ ತಿರುಗಿ ಕೈ ಮುಗಿದರು. "ಬಿಂದು ರೆಡಿ ಆಗೋಷ್ಟರಲ್ಲಿ ನಿಮ್ಮ ಗಾಡಿ ಮುಗಿಸಿಬಿಡ್ತೀನಿ."

"ಅಪ್ಪ, ನಾನು ನೋಡ್ತೀನಿ ಬಿಡಿ, ನೀವು ಕೂತ್ಕೊಳ್ಳಿ" ಎಂದು ಗೌರೀಶ ಮುಂದೆ ಬಂದ.

"ಹೋಗೋ! ಬೀಗರ ಗಾಡಿ ಇದು, ಹೊರಗಿನೋರದ್ದಲ್ಲ. ನೀನು ಆ ಕೆಂಪು ಕಾರ್ ನೋಡು ಹೋಗು."

ಅವರು ಮಲಗಿ ವ್ಯಾನಿನ ಕೆಳಗೆ ಸರಿದರು. ಗೌರೀಶ ಬಗ್ಗಿ ಒಂದು ಸಲ ಒಳಗೆ ಇಣುಕಿದ. ಅವನ ಕಣ್ಣು ಹಳದಿ ಚುಕ್ಕೆಗಳ ಮೇಲೆ ನಿಂತಿತು. ನಂತರ ನಂದಕುಮಾರನ ಮುಖ ನೋಡಿದ. ಕೈ ಒರೆಸುವ ಬಟ್ಟೆ ಹಿಡಿದುಕೊಂಡು ಮೂಲೆಗೆ ಹೋಗಿ ಫೋನು ತೆಗೆದ. ಸಿಕ್ಕಿಬಿದ್ದೆವು ಎಂದುಕೊಂಡಳು ಲಕ್ಕಮ್ಮ.

ಆದರೆ ಕೆಳಗೆ ಮಲಗಿದ್ದ ರಾಮಾಂಜಿನಪ್ಪ ಪೇಂಟಿನ ಮಾತೇ ಎತ್ತಲಿಲ್ಲ. ಹೆಬ್ಬೆರಳಿನಿಂದ ನಟ್ಟುಗಳನ್ನು ಒಂದೊಂದಾಗಿ ತಡವುತ್ತಾ, "ನೋಡಿದ್ರಾ, ಹೇಗೆ ಕೂತಿದೆ! ನಾನು ಹೇಳ್ಲಿಲ್ವಾ ಪಳಗುತ್ತೆ ಅಂತ?" ಎಂದು ಖುಷಿಯಾದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. "ಇರ್ಲಿ, ಎಫ್‌ಸಿಗೆ ಹೋಗೋ ಗಾಡಿ, ಒಂದ್ಸಲ ಬಿಚ್ಚಿ ಕ್ಲೀನ್ ಮಾಡಿ ಹಾಕ್ತೀನಿ" ಎಂದು ಸ್ಪ್ಯಾನರ್ ಕೇಳಿದರು. ನಂದಕುಮಾರ ಬೇಡ ಅನ್ನಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಮುಚ್ಚಿದ. ವೇಣುಗೋಪಾಲ್ ಕೂರಿಸಿದ ಪೈಪು ಕಣ್ಣೆದುರೇ ಬಿಚ್ಚಿಕೊಂಡಿತು. ಮತ್ತೆ ಹತ್ತಿಸುವಾಗ ರಾಮಾಂಜಿನಪ್ಪ ಬಹಳ ಹೊತ್ತು ತಡಕಾಡಿದರು, ಕಡೆಗೆ ಜೋರು ಹಾಕಿ ತಿರುಗಿಸಿದರು. ಹೊಸ ಎಣ್ಣೆ ತುಂಬಿಸಿ, ಎದ್ದು ಬಂದು ಕೈ ತೊಳೆದುಕೊಂಡು, ಹಸಿರು ಸೀರೆಯುಟ್ಟು ನಿಂತಿದ್ದ ಸೊಸೆಗೆ ಹೇಳಿದರು:

"ಹತ್ತು ಮಗಳೇ. ಮಾವ ಸರಿ ಮಾಡಿದ ಗಾಡಿ, ಒಂದು ಕುಲುಕೂ ಆಗಲ್ಲ."

ಬಿಂದು ಫೋನು ನೋಡುತ್ತಲೇ ಹತ್ತಿ ಅಮ್ಮನ ಪಕ್ಕ ಕೂತಳು. ವ್ಯಾನು ಬೀದಿಯ ಮೂಲೆ ತಿರುಗಿ ಗ್ಯಾರೇಜು ಮರೆಯಾಯಿತು.

"ಅಣ್ಣ, ನಿಲ್ಲಿಸು."

"ಏನಾಯ್ತೇ, ಹೊಟ್ಟೆ ನೋವಾ?"

"ನಿಲ್ಲಿಸು ಅಂದೆ. ಅಮ್ಮ, ನೀನೂ ಇಳಿ. ಆಟೋದಲ್ಲಿ ಹೋಗೋಣ. ಅಣ್ಣ, ನೀನು ಗಾಡಿ ಇಲ್ಲೇ ಬಿಡು. ಆಮೇಲೆ ಗೌರೀಶ್ ಬಂದು ಸರಿ ಮಾಡ್ತಾರಂತೆ, ಮೆಸೇಜ್ ಹಾಕಿದಾರೆ."

ನಂದಕುಮಾರ ನಿಲ್ಲಿಸಲು ಎರಡು ಸಲ ತುಳಿಯಬೇಕಾಯಿತು. ಲಕ್ಕಮ್ಮ ರಸ್ತೆಗಿಳಿದು ಮಗಳ ಕೈ ಹಿಡಿದುಕೊಂಡಳು.

"ಏನೇ ಇದೆಲ್ಲ?"

"ಮಾವಂಗೆ ಕಣ್ಣು ಕಾಣಲ್ಲಮ್ಮ. ಒಂದು ವರ್ಷ ಆಯ್ತು. ಎದುರಿಗಿರೋದು ಮಬ್ಬುಮಬ್ಬಾಗಿ ಕಾಣುತ್ತೆ ಅಷ್ಟೇ. ಡಾಕ್ಟ್ರ ಹತ್ರ ಬರಲ್ಲ. ಬೆಳಕು ಸಾಲಲ್ಲ ಅಂತ ಬಲ್ಬ್ ಮೇಲೆ ಬಲ್ಬ್ ಹಾಕಿಸ್ತಾರೆ. ನೀವು ಬೇರೆ ಕಡೆ ತೋರಿಸಿದ್ದು ಇವರಿಗೆ ಗೊತ್ತಾಯ್ತು. ಮಾವನ ಪೇಂಟು ನಟ್ ಮೇಲೆ ಸರಿಯಾಗಿ ಕೂತು ಎಷ್ಟೋ ಕಾಲ ಆಯ್ತು, ಇದು ಅವರಿಟ್ಟಿದ್ದಲ್ಲ ಅಂತ ಮೆಸೇಜಲ್ಲಿ ಬರೆದಿದಾರೆ."

"ಮತ್ತೆ ಗಿರಾಕಿಗಳ ಗಾಡಿ?" ಎಂದ ನಂದಕುಮಾರ.

"ಸಂಜೆ ಮಾವ ಒಳಗೆ ಹೋದ ಮೇಲೆ ಗೌರೀಶ್ ಎಲ್ಲಾ ಮತ್ತೆ ಬಿಚ್ಚಿ ಸರಿ ಮಾಡಿ ಕೊಡ್ತಾರೆ. ನಿಮ್ಮದೊಂದನ್ನ ಮಾತ್ರ ಮಾವ ಮುಟ್ಟೋಕೆ ಬಿಡಲ್ಲ. ಬೀಗರ ಗಾಡಿ ಅಂತ ಪಕ್ಕದಲ್ಲೇ ಕಾವಲು ಕೂತು, ತಾವೇ ಕೀಲಿ ಕೊಟ್ಟು ಕಳಿಸ್ತಾರೆ."

ಊರವರ ಗಾಡಿಗಳೆಲ್ಲ ಸರಿಯಾಗಿ ಓಡುತ್ತಿದ್ದವು. ಪ್ರೀತಿಗೆ, ಮರ್ಯಾದೆಗೆ ಸಿಕ್ಕಿದ ಒಂದೇ ಒಂದು ಗಾಡಿಗೆ ಬ್ರೇಕಿರಲಿಲ್ಲ. ಲಕ್ಕಮ್ಮನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಆಮೇಲೆ ಸಿಟ್ಟು ಬಂತು.

"ಗೊತ್ತಿದ್ದೂ ಸುಮ್ನಿದ್ಯಾ? ನಿನ್ನ ಅಣ್ಣ ಓಡಿಸ್ತಾನೆ. ಆರಾಧನಾ ದಿನಾ ಕೂರ್ತಾಳೆ. ಅವಳಿಗೆ ಏನಾದ್ರೂ ಆಗಿದ್ರೆ ನೀನು ಈ ಮುಖ ಹೊತ್ಕೊಂಡು ಬರ್ತಿದ್ಯಾ?"

ಬಿಂದು ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತಳು. "ಏನಂತ ಹೇಳ್ಲಮ್ಮ? ಹೊರಗೆ ಗೊತ್ತಾದ್ರೆ ಗ್ಯಾರೇಜಿಗೆ ಯಾರು ಬರ್ತಾರೆ? ಆ ಕೆಲಸ ಹೋದ್ರೆ ಮಾವ ಬದುಕಲ್ಲ ಅಂತಾರೆ ಇವರು. ದಿನಾ ನಿಮ್ಮನ್ನ ನೆನೆಸ್ಕೊಂಡು ದೇವರಿಗೆ ಕೈ ಮುಗೀತಿದ್ದೆ. ಇನ್ನೇನು ಮಾಡ್ಲಿ? ನೀನೂ ಮಾವಂಗೆ ಹೇಳ್ಬೇಡ. ನನ್ನ ಮೇಲಾಣೆ."

ಹಸಿರು ಸೀರೆಯ ಬಸುರಿ ಬೀದಿಯಲ್ಲಿ ಅಳುತ್ತಿದ್ದರೆ ಜನ ನೋಡದೆ ಇರುತ್ತಾರೆಯೇ. ಲಕ್ಕಮ್ಮ ಸೆರಗಿನಿಂದ ಮಗಳ ಮುಖ ಒರೆಸಿ, "ಹೇಳಲ್ಲ, ಏಳು" ಎಂದಳು. ಆಟೋದಲ್ಲಿ ಹೋಗಿ ಬಳೆ ತೊಡಿಸಿದರು. ಐದು ಬಗೆಯ ಅನ್ನ ಮಾಡಿದ್ದರು. ಯಾರಿಗೂ ಹೆಚ್ಚು ಸೇರಲಿಲ್ಲ.

ಸಂಜೆ ಬಿಂದು ಹೊರಟು ಹೋದ ಮೇಲೆ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದರು. ಲಾವಣ್ಯಾ ಮೊದಲ ಸಲ ರಾಮಾಂಜಿನಪ್ಪನವರನ್ನು ಬೈಯಲಿಲ್ಲ. "ಪಾಪ" ಎಂದಳು, ತಕ್ಷಣ, "ಆದ್ರೂ ಮಗೂನ ಅದರಲ್ಲಿ ಕಳಿಸಲ್ಲ" ಎಂದಳು. ಗಾಡಿ ಇರುವವರೆಗೂ ಅದು ಆ ಗ್ಯಾರೇಜಿಗೆ ಹೋಗಲೇಬೇಕು. ಮಾರಿಬಿಟ್ಟರೆ ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ. ಮಾರ್ಕೆಟ್ಟಿನಿಂದ ತರಕಾರಿಯನ್ನು ಬಾಡಿಗೆ ಆಟೋದಲ್ಲಿ ತರಿಸಬೇಕು, ಇನ್ನೂ ಮುಂಚೆ ಏಳಬೇಕು, ಲಾವಣ್ಯಾ ಮಗಳನ್ನು ಕರೆದುಕೊಂಡು ಬಸ್ಸು ಹಿಡಿಯಬೇಕು. ಎಲ್ಲರೂ ಒಪ್ಪಿದರು. ಒಪ್ಪುವಾಗ ಯಾರ ಮುಖದಲ್ಲೂ ಗೆಲುವಿರಲಿಲ್ಲ.

ಬೀಗರಿಗೆ ತಿಳಿಸದೆ ಮಾರುವುದು ಮರ್ಯಾದೆಯಲ್ಲ. ಬಿಂದುವನ್ನು ಹೆರಿಗೆಗೆ ಕರೆತರುವ ದಿನ ಗೊತ್ತುಮಾಡಲು ಹೋದಾಗಲೇ ಹೇಳಿದರಾಯಿತು ಎಂದು ಕಾದು, ಅದಕ್ಕೆ ಒಂದು ವಾರ ಇರುವಾಗ ಗಂಡ ಹೆಂಡತಿ ಚಾಮರಾಜಪೇಟೆಗೆ ಹೋದರು. ಬಿಂದು ಬಡಿಸಿದಳು. ರಾಮಾಂಜಿನಪ್ಪ ಮಗ್ಗುಲಲ್ಲಿ ಕೂತು ಅಶ್ವತ್ಥಪ್ಪನಿಗೆ ಉಪಚಾರ ಹೇಳಿದರು. ಅಶ್ವತ್ಥಪ್ಪ ಗಾಡಿ ಮಾರುವ ಮಾತನ್ನು ಮಜ್ಜಿಗೆಯವರೆಗೂ ಎಳೆದು ಕಡೆಗೆ ಹೇಳಿದ.

"ಮಾರ್ತೀರಾ? ಯಾಕೆ? ಇನ್ನೂ ಹತ್ತು ವರ್ಷ ಓಡುತ್ತೆ ಅದು!" ಎಂದರು ರಾಮಾಂಜಿನಪ್ಪ. ಆಮೇಲೆ ಅವರ ಮುಖ ಅರಳಿತು. "ಯಾರೋ ಹೊರಗಿನೋರಿಗೆ ಯಾಕೆ ಬೀಗರೇ? ನನಗೇ ಕೊಡಿ. ಮಗು ಬರ್ತಿದೆ. ಆಸ್ಪತ್ರೆ, ಇಂಜೆಕ್ಷನ್ನು ಅಂತ ಓಡಾಟ ಇದ್ದೇ ಇರುತ್ತೆ. ನಾನೇ ಬಿಚ್ಚಿ, ನಾನೇ ಕಟ್ಟಿ ಇಡ್ತೀನಿ. ನನ್ನ ಮೊಮ್ಮಗು ಆಸ್ಪತ್ರೆಯಿಂದ ತಾತ ಮಾಡಿದ ಗಾಡೀಲೇ ಬರ್ಲಿ."

ಗೌರೀಶನ ಕೈ ಅನ್ನದಲ್ಲೇ ನಿಂತಿತು. ಬಿಂದು ಸೌಟು ಹಿಡಿದುಕೊಂಡು ಅಮ್ಮನ ಕಡೆ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದಳು.

"ಅದಕ್ಕೇನಂತೆ, ನಿಮ್ಮದೇ ಗಾಡಿ ಅಲ್ವಾ" ಎಂದುಬಿಟ್ಟ ಅಶ್ವತ್ಥಪ್ಪ. ಬೀಗರ ಮುಂದೆ ಇಲ್ಲ ಅಂದು ಅಭ್ಯಾಸವಿರಲಿಲ್ಲ ಅವನಿಗೆ.

ಯಾರಾದರೂ ಮಾತಾಡುತ್ತಾರೇನೋ ಎಂದು ಲಕ್ಕಮ್ಮ ಕಾದಳು. ಅಳಿಯ ತಟ್ಟೆ ನೋಡುತ್ತಿದ್ದ. ಗಂಡ ಮಜ್ಜಿಗೆ ಕುಡಿಯುತ್ತಿದ್ದ.

"ಬೇಡ ಬೀಗರೇ" ಎಂದಳು ಅವಳು. "ಆ ಗಾಡಿ ನಿಮಗೆ ಕೊಡಲ್ಲ."

"ಯಾಕೆ ತಾಯಿ?"

"ನಿಮಗೆ ಕಣ್ಣು ಕಾಣಲ್ಲ. ನೀವು ಬಿಗಿ ಮಾಡಿದ ಬ್ರೇಕು ಹಿಡಿಯಲ್ಲ. ನಾವು ಬೇರೆ ಕಡೆ ತೋರಿಸಿದ್ವಿ, ತಪ್ಪು ಅಂದ್ರೆ ತಪ್ಪೇ. ಆದ್ರೆ ಹಸುಗೂಸನ್ನ ಅದರಲ್ಲಿ ಕೂರಿಸೋಕೆ ನಾನು ಬಿಡಲ್ಲ."

ರಾಮಾಂಜಿನಪ್ಪ ಮೊದಲು ನಕ್ಕರು. "ಬೆಳಕು ಸಾಲಲ್ಲ ಅಷ್ಟೇ ತಾಯಿ..." ಎಂದರು. ಯಾರೂ ನಗಲಿಲ್ಲ. ಅವರು ಮಗನಿದ್ದ ಕಡೆ ತಿರುಗಿದರು. "ಏನೋ ಗೌರೀಶ? ಹೌದೇನೋ?"

ಗೌರೀಶ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಹೌದಪ್ಪ" ಎಂದ. "ನೀವು ಮಾಡಿದ ಗಾಡೀನೆಲ್ಲ ಸಂಜೆ ನಾನು ಮತ್ತೆ ಮಾಡ್ತಿದೀನಿ."

"ಎಲ್ಲಾನೂ?"

"ಎಲ್ಲಾನೂ."

ರಾಮಾಂಜಿನಪ್ಪ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದರು. ಒಳಕೋಣೆಯ ಬಾಗಿಲಿಗೆ ಹೋಗುವಾಗ ಗೋಡೆ ತಡವಿದರು, ಚೌಕಟ್ಟು ಕೈಗೆ ಸಿಗದೆ ಒಂದು ಸಲ ಗಾಳಿಯಲ್ಲಿ ಕೈಯಾಡಿಸಿದರು. ಇಷ್ಟು ದಿನ ಆ ಮನೆಯಲ್ಲಿ ಎಲ್ಲರೂ ಬೇರೆ ಕಡೆ ನೋಡುತ್ತಿದ್ದ ಹೊತ್ತು ಅದು. ಈ ದಿನ ಎಲ್ಲರೂ ನೋಡಿದರು. ಕದ ಹಾಕಿಕೊಂಡಿತು.

ಹೊರಡುವಾಗ ಬಿಂದು ಕುಂಕುಮದ ಬಟ್ಟಲು ತಂದಳು. ಅಮ್ಮನ ಹಣೆಗೆ ಇಟ್ಟಳು, ಮುಖ ನೋಡಲಿಲ್ಲ.

"ಆಣೆ ಹಾಕಿದ್ದೆ ನಿನಗೆ."

"ಹಾಕಿದ್ದೆ. ನಾನೂ ಒಪ್ಪಿದ್ದೆ."

"ಮುಂದಿನ ವಾರ ಕರ್ಕೊಂಡು ಹೋಗೋಕೆ ಬರ್ಬೇಡ. ಮಾವನ್ನ ಹೀಗೆ ಬಿಟ್ಟು ನಾನು ಎಲ್ಲೂ ಬರಲ್ಲ. ಇಲ್ಲೇ ಹೆರ್ತೀನಿ."

"ಮೊದಲನೇ ಹೆರಿಗೆ ಕಣೇ. ನಾನೇ ಇಲ್ಲಿಗೆ ಬಂದು ಇರ್ತೀನಿ."

"ನೀನು ಸ್ವಲ್ಪ ದಿನ ಬರದೆ ಇದ್ರೇ ಒಳ್ಳೇದು" ಎಂದು ಬಿಂದು ಒಳಗೆ ಹೋದಳು.

ಆಟೋ ಗವಿಪುರದ ಇಳಿಜಾರಿಗೆ ಬಂದಾಗ ಅಶ್ವತ್ಥಪ್ಪ ಬಾಯಿಬಿಟ್ಟ. "ಹೂಂ ಅಂದು ಬಂದು, ಆಮೇಲೆ ಏನಾದ್ರೂ ನೆಪ ಹೇಳಬಹುದಿತ್ತು" ಎಂದ.

"ಎಷ್ಟು ದಿನ ಹೇಳ್ತಿದ್ರಿ?" ಎಂದಳು ಲಕ್ಕಮ್ಮ.

ಮನೆಗೆ ಬಂದಾಗ ಲಾವಣ್ಯಾ ಅಡುಗೆಮನೆಯಲ್ಲಿ ಒಣಕೊಬ್ಬರಿ ತುರಿಯುತ್ತಿದ್ದಳು. ಬಾಣಂತಿಗೆಂದು ಅಂಟಿನುಂಡೆ ಕಟ್ಟಲು ಅಂಟು ಹುರಿದು, ಬೆಲ್ಲ ಕುಟ್ಟಿ ಎಲ್ಲ ಸಿದ್ಧ ಮಾಡಿದ್ದಳು.

"ಯಾವತ್ತು ಬರ್ತಾಳಂತೆ ಅತ್ತೆ?"

"ಬರಲ್ಲವಂತೆ."

ಲಾವಣ್ಯಾ ತುರಿಯುವುದನ್ನು ನಿಲ್ಲಿಸಿ ಅತ್ತೆಯನ್ನೇ ನೋಡಿದಳು. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಲಕ್ಕಮ್ಮ ಕೂತು, ಬಾಣಲೆಗೆ ಬೆಲ್ಲ ಹಾಕಿ, ಪಾಕ ಬಂದ ಮೇಲೆ ಕೊಬ್ಬರಿ, ಅಂಟು ಬೆರೆಸಿ ಬಿಸಿಬಿಸಿಯಾಗಿಯೇ ಉಂಡೆ ಕಟ್ಟತೊಡಗಿದಳು. ಉಂಡೆಗಳು ಯಾರ ಕೈಯಲ್ಲಾದರೂ ಚಾಮರಾಜಪೇಟೆಗೆ ಹೋಗುತ್ತವೆ, ತಾನು ಹೋಗುವಂತಿಲ್ಲ. ಮಗಳ ಮೊದಲ ಮಗುವಿಗೆ ತಾನು ಎಣ್ಣೆ ಹಚ್ಚಿ ನೀರು ಹಾಕುವುದಿಲ್ಲ. ಇವತ್ತಿನ ದಿನವೇ ಮತ್ತೆ ಬಂದರೂ ಅದೇ ಮಾತನ್ನು ಹಾಗೇ ಹೇಳುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಳು ನಿಲ್ಲಲಿಲ್ಲ. ಎರಡೂ ಕೈಗೆ ಬೆಲ್ಲ ಅಂಟಿದ್ದರಿಂದ ಅವಳ ಕಣ್ಣನ್ನು ಸೊಸೆಯೇ ಒರೆಸಬೇಕಾಯಿತು.